ಡ್ರೈವರಣ್ಣ ಮನೆ ಬಿಟ್ಟದ್ದು

ನನ್ನ ಔಷಧಿ ಅಂಗಡಿ ಇರುವ ಕಟ್ಟಡದ ಎರಡನೇ ಮಹಡಿಯಲ್ಲಿ ಅಣ್ಣ ತಂಗಿ ಇಬ್ಬರಿದ್ದರು. ಅಣ್ಣ ಸಿಟಿ ಬಸ್ಸಿನ ಡ್ರೈವರ್. ತಂಗಿ ಎರಡು ಬೀದಿ ಆಚೆಯ ಶಿಶುವಿಹಾರದಲ್ಲಿ ಟೀಚರ್. ಬೀದಿಗೆಲ್ಲ ಅವರು ಡ್ರೈವರಣ್ಣ, ಇವರು ಮಿಸ್. ಮೀಸೆ ಬಂದ ಹುಡುಗರು ಕೂಡ ತಂಗಿಯನ್ನು ಕಂಡರೆ ಬೈಕು ನಿಧಾನ ಮಾಡಿ "ಚೆನ್ನಾಗಿದ್ದೀರಾ ಮಿಸ್" ಎನ್ನುತ್ತಿದ್ದರು. ಒಂದು ಕಾಲಕ್ಕೆ ಅವರೆಲ್ಲರ ಮೂಗು ಒರೆಸಿದವರು ಈಕೆಯೇ.

ಅಪ್ಪ ಅಮ್ಮ ಹೋಗಿ ಬಹಳ ವರ್ಷಗಳಾಗಿದ್ದವು. ಡ್ರೈವರಣ್ಣನ ಹೆಂಡತಿ ಮದುವೆಯಾದ ಎರಡನೇ ವರ್ಷಕ್ಕೇ ತೀರಿಕೊಂಡಿದ್ದರು. ಮತ್ತೆ ಮದುವೆಯಾಗು ಎಂದವರಿಗೆಲ್ಲ ಅವರು ಮೊದಲು ತಂಗಿಯದು ಆಗಲಿ ಎನ್ನುತ್ತಿದ್ದರು. ತಂಗಿಯನ್ನು ಕೇಳಿದರೆ ಅಣ್ಣನದು ಆಗಲಿ ಎನ್ನುತ್ತಿದ್ದರು. ಹೀಗೆ ಒಬ್ಬರ ಮೇಲೊಬ್ಬರು ಹಾಕುತ್ತ ಇಬ್ಬರಿಗೂ ವಯಸ್ಸಾಯಿತು. ಜಗಳ ಆಗುತ್ತಿತ್ತು, ಇಲ್ಲವೆಂದಲ್ಲ. ರೇಡಿಯೋ ಜೋರಾಯಿತು, ಒದ್ದೆ ಟವೆಲ್ಲು ಹಾಸಿಗೆ ಮೇಲೆ ಬಿತ್ತು, ಇಂಥವಕ್ಕೆ. ಮೆಟ್ಟಿಲ ಮೇಲಿಂದ ಮಾತು ಕೆಳಗಿನವರೆಗೆ ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಇಬ್ಬರೂ ಸೇರಿ ನಗುವುದೂ ಕೇಳುತ್ತಿತ್ತು.

ಮಿಸ್‌ಗೆ ಮೂವತ್ತಾರು ತುಂಬಿದ ವರ್ಷ ಒಂದು ಸಂಜೆ ಅಂಗಡಿಗೆ ಬಂದು ಗ್ಯಾಸಿಗೆ ಮಾತ್ರೆ ಕೇಳಿದರು. ಹೊಟ್ಟೆ ತೊಳಸುತ್ತದೆ, ಊಟ ಸೇರುವುದಿಲ್ಲ, ಇಡೀ ದಿನ ನಿಂತು ಕಾಲು ಬಾತುಕೊಳ್ಳುತ್ತದೆ ಎಂದರು. ಅವರ ಮುಖ ನೋಡಿ ನನಗೆ ಸರಿಯೆನ್ನಿಸಲಿಲ್ಲ. ಸ್ಟೂಲಿನ ಮೇಲೆ ಕೂರಿಸಿ ಬೀಪಿ ನೋಡಿದೆ. ಮೆಷಿನ್ ಕೆಟ್ಟಿದೆ ಅಂದುಕೊಂಡು ಇನ್ನೊಂದು ತೋಳಿಗೆ ಕಟ್ಟಿ ನೋಡಿದೆ. ಕೆಟ್ಟಿದ್ದು ಮೆಷಿನ್ ಅಲ್ಲ. ಒಂದು ತಿಂಗಳೊಳಗೆ ಎರಡೂ ಕಿಡ್ನಿ ಹೋಗಿವೆ ಎಂದು ಗೊತ್ತಾಯಿತು. ಆಮೇಲೆ ಒಂದೂವರೆ ವರ್ಷ ವಾರಕ್ಕೆ ಮೂರು ದಿನ ಡಯಾಲಿಸಿಸ್. ಡ್ರೈವರಣ್ಣ ರಾತ್ರಿ ಪಾಳಿ ಬಿಟ್ಟು ಬೆಳಗಿನ ಪಾಳಿ ಕೇಳಿ ಪಡೆದರು. ಮಧ್ಯಾಹ್ನ ಖಾಕಿ ಅಂಗಿಯಲ್ಲೇ ತಂಗಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ನಾಲ್ಕು ಗಂಟೆ ಹೊರಗಿನ ಬೆಂಚಿನ ಮೇಲೆ ಕೂತು, ಸಂಜೆ ಕೈಹಿಡಿದು ಮೆಟ್ಟಿಲು ಹತ್ತಿಸುತ್ತಿದ್ದರು.

ಡ್ರೈವರಣ್ಣನ ಕಿಡ್ನಿ ತಂಗಿಗೆ ಹೊಂದುತ್ತದೆ ಎಂದು ಗೊತ್ತಾದ ದಿನ ಡಾಕ್ಟರು, ಅವಸರವಿಲ್ಲ, ಒಂದು ವಾರ ಯೋಚನೆ ಮಾಡಿ ಹೇಳಿ ಎಂದರಂತೆ. ಒಂದು ವಾರ ಸುಮ್ಮನೆ ಯಾಕೆ ಹಾಳು ಮಾಡೋದು ಎಂದು ಇವರು ಅಲ್ಲೇ ಸಹಿ ಹಾಕಿ ಬಂದರಂತೆ. ಮಿಸ್ ಮಾತ್ರ ಮೂರು ದಿನ ಅಣ್ಣನ ಜೊತೆ ಮಾತು ಬಿಟ್ಟರು. ನನ್ನನ್ನು ಕೇಳದೆ ನಿನ್ನ ಮೈ ನೀನು ಕೊಯ್ಸಿಕೊಳ್ಳೋದು ಯಾವ ನ್ಯಾಯ ಎನ್ನುವುದು ಅವರ ಸಿಟ್ಟು. ಕೊನೆಗೆ ಒಪ್ಪಿದರು. ಆಪರೇಷನ್ ಆಯಿತು. ಅಣ್ಣನ ಕಿಡ್ನಿ ತಂಗಿಯ ಹೊಟ್ಟೆಯಲ್ಲಿ ಮೊದಲ ದಿನವೇ ಕೆಲಸ ಶುರು ಮಾಡಿತು. ಡಿಪೋದಲ್ಲಿ ಇವರನ್ನು ಸ್ನೇಹಿತರು ರೇಗಿಸುತ್ತಿದ್ದರಂತೆ, ನಿನಗಿಂತ ನಿನ್ನ ಕಿಡ್ನಿಯೇ ಟೈಮಿಗೆ ಸರಿಯಾಗಿ ಡ್ಯೂಟಿಗೆ ಹತ್ತಿತಲ್ಲಪ್ಪ ಎಂದು.

ಕಷ್ಟ ಮುಗಿಯಿತು ಎಂದು ಬೀದಿಯವರೆಲ್ಲ ಅಂದುಕೊಂಡರು. ನನಗೆ ಗೊತ್ತಿತ್ತು, ಮುಗಿದಿರಲಿಲ್ಲ. ಬೇರೆಯವರ ಅಂಗವನ್ನು ನಮ್ಮ ಮೈ ತನ್ನದೆಂದು ಒಪ್ಪುವುದಿಲ್ಲ, ಹೊರಗಿನದು ಎಂದು ಮೇಲೆ ಬೀಳುತ್ತದೆ. ಹಾಗೆ ಬೀಳದಂತೆ ಮೈಯ ಕಾವಲನ್ನೇ ಅರ್ಧ ಮಲಗಿಸುವ ಮಾತ್ರೆಗಳನ್ನು ಕೊಡುತ್ತಾರೆ. ಕಾವಲು ಮಲಗಿದರೆ ಕಿಡ್ನಿ ಉಳಿಯುತ್ತದೆ ನಿಜ, ಆದರೆ ಬೀದಿಯಲ್ಲಿ ಹೋಗುವ ಜ್ವರ, ಕೆಮ್ಮು, ಬೂಷ್ಟು ಎಲ್ಲದಕ್ಕೂ ಬಾಗಿಲು ತೆರೆದಿರುತ್ತದೆ. ಮಾತ್ರೆ ಹೆಚ್ಚಾದರೆ ಸೋಂಕು, ಕಡಿಮೆಯಾದರೆ ಕಿಡ್ನಿಗೇ ಸಂಚಕಾರ. ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ, ಖಾಲಿ ಹೊಟ್ಟೆಯಲ್ಲಿ, ಜೀವ ಇರುವವರೆಗೆ. ಒಂದೇ ಕಂಪನಿಯದು, ಬೇರೆ ಕಂಪನಿಯದು ಕೊಟ್ಟರೆ ರಕ್ತದಲ್ಲಿ ಮಟ್ಟ ಏರುಪೇರಾಗುತ್ತದೆ. ಅದಕ್ಕೇ ಅವರ ಮಾತ್ರೆಯ ಎರಡು ಪೆಟ್ಟಿಗೆ ನನ್ನ ಅಂಗಡಿಯ ಒಳಗಿನ ಕಪಾಟಿನಲ್ಲಿ ಯಾವಾಗಲೂ ತೆಗೆದಿಟ್ಟಿರುತ್ತಿದ್ದೆ. ತಲೆನೋವಿಗೆಂದು ಸಿಕ್ಕಿದ್ದನ್ನು ನುಂಗುವಂತಿಲ್ಲ. ಯಾರೋ ಹೇಳಿದ ಕಷಾಯ ಕುಡಿಯುವಂತಿಲ್ಲ. ಮಾತ್ರೆಗೆ ಆಗಿಬರದ ಚಕ್ಕೋತ ತಿನ್ನುವಂತಿಲ್ಲ. ಹಸಿ ತರಕಾರಿ, ಕತ್ತರಿಸಿಟ್ಟ ಹಣ್ಣು ಮುಟ್ಟುವಂತಿಲ್ಲ. ಮಣ್ಣು, ಗೊಬ್ಬರ, ಹಕ್ಕಿಗಳ ಹಿಕ್ಕೆಯ ಹತ್ತಿರ ಸುಳಿಯುವಂತಿಲ್ಲ.

ಆ ಕೊನೆಯ ಮಾತು ಡ್ರೈವರಣ್ಣನಿಗೆ ಚುಚ್ಚಿತು. ತಾರಸಿಯ ಮೇಲೆ ಅವರು ಹದಿನಾರು ಪಾರಿವಾಳ ಸಾಕಿದ್ದರು. ಕಿಡ್ನಿ ಕೊಡುವಾಗ ಹಿಂದೆಮುಂದೆ ನೋಡದ ಮನುಷ್ಯ ಅವತ್ತು ನನ್ನ ಅಂಗಡಿಯ ಸ್ಟೂಲಿನ ಮೇಲೆ ಅರ್ಧ ದಿನ ಮುಖ ಇಳಿಬಿಟ್ಟುಕೊಂಡು ಕೂತಿದ್ದರು. ಕೊನೆಗೆ ಊರಾಚೆಯ ಒಬ್ಬರಿಗೆ ಗೂಡಿನ ಸಮೇತ ಕೊಟ್ಟು ಬಂದು, ತಾರಸಿಯನ್ನು ಬಾಯಿಗೆ ಬಟ್ಟೆ ಕಟ್ಟಿಕೊಂಡು ಮೂರು ಸಲ ತೊಳೆದರು.

ಮಿಸ್ ಕಳೆದುಕೊಂಡದ್ದು ಇನ್ನೂ ದೊಡ್ಡದು. ಶಿಶುವಿಹಾರ ಎಂದರೆ ಸುರಿಯುವ ಮೂಗುಗಳ ಸಂತೆ. ಒಬ್ಬರಿಂದ ಒಬ್ಬರಿಗೆ ನೆಗಡಿ, ಸೀತಾಳೆ ಸಿಡುಬು, ಕಣ್ಣುಬೇನೆ ಏನಾದರೊಂದು ನಡೆದೇ ಇರುತ್ತದೆ. ತರಗತಿಗೆ ಹೋಗುವುದು ಬೇಡವೇ ಬೇಡ ಎಂದರು ಡಾಕ್ಟರು. ಮುಖ್ಯೋಪಾಧ್ಯಾಯಿನಿ ಒಳ್ಳೆಯವರು, ಕೆಲಸ ತೆಗೆಯದೆ ಆಫೀಸಿನಲ್ಲಿ ಹಾಜರಿ ಪುಸ್ತಕ ನೋಡಿಕೊಳ್ಳಲು ಹೇಳಿದರು. ಆಫೀಸಿಗೂ ಆಟದ ಅಂಗಳಕ್ಕೂ ನಡುವೆ ಗಾಜಿನ ಕಿಟಕಿ. ಮಕ್ಕಳು ಗಾಜಿಗೆ ಮೂಗು ಒತ್ತಿ, ಬಾಯಿಂದ ಆವಿ ಬಿಟ್ಟು, ಅದರ ಮೇಲೆ ಬೆರಳಲ್ಲಿ ಗೆರೆ ಎಳೆದು ತೋರಿಸುತ್ತಿದ್ದವು. ಒಳಗಿಂದ ಇವರು ತಲೆ ಆಡಿಸುತ್ತಿದ್ದರು.

ಎರಡನೇ ವರ್ಷ ಒಂದು ದಿನ ಒಂದು ಮಗು ಅಂಗಳದಲ್ಲಿ ಬಿದ್ದು ತುಟಿ ಒಡೆದುಕೊಂಡಿತು. ಹತ್ತಿರ ಯಾರೂ ಇರಲಿಲ್ಲ. ಮಿಸ್ ಓಡಿಹೋಗಿ ಎತ್ತಿಕೊಂಡರು, ಎದೆಗೆ ಒತ್ತಿಕೊಂಡು ಅಳು ನಿಲ್ಲುವವರೆಗೆ ಬೆನ್ನು ತಟ್ಟಿದರು. ಐದನೇ ದಿನ ಜ್ವರ ಬಂತು. ಆರೋಗ್ಯವಂತರಿಗೆ ಎರಡು ದಿನದಲ್ಲಿ ಹೋಗುವ ಜ್ವರ ಅವರನ್ನು ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಿಸಿತು. ಬಂದ ಮೇಲೆ ನನ್ನ ಹತ್ತಿರ ಹೇಳಿದರು, "ಎಷ್ಟು ಬೆಚ್ಚಗಿತ್ತು ಗೊತ್ತಾ ಅದರ ತಲೆ. ಅದನ್ನೇ ನೆನಸ್ಕೊಂಡು ಹನ್ನೊಂದು ದಿನ ಕಳೆದೆ."

ಅಲ್ಲಿಂದ ಮುಂದೆ ಡ್ರೈವರಣ್ಣ ಕಾವಲಿಗೆ ನಿಂತುಬಿಟ್ಟರು. ಇಡೀ ದಿನ ಬಸ್ಸಿನಲ್ಲಿ ನೂರಾರು ಜನರ ಕೆಮ್ಮು ಸೀನು ಕುತ್ತಿಗೆಯ ಹಿಂದೆ. ಆದ್ದರಿಂದ ಸ್ಟೀರಿಂಗ್ ಹಿಡಿದಷ್ಟು ಹೊತ್ತೂ ಮುಖಕ್ಕೆ ಮಾಸ್ಕ್. ದರೋಡೆಗೆ ಹೊರಟ ಹಾಗಿದ್ದೀಯ ಎಂದು ಪ್ರಯಾಣಿಕರು ನಕ್ಕರೆ, ಬಸ್ಸು ನನ್ನದೇ, ಏನು ದೋಚಲಿ ಎನ್ನುತ್ತಿದ್ದರು. ಕಟ್ಟಡದ ಕೆಳಗೆ ಮೆಟ್ಟಿಲ ಪಕ್ಕ ಹಳೆಯ ಬಚ್ಚಲೊಂದಿತ್ತು. ಡ್ಯೂಟಿ ಮುಗಿಸಿ ಬಂದವರು ಅಲ್ಲೇ ಖಾಕಿ ಕಳಚಿ, ಸೋಪು ಹಚ್ಚಿ ಸ್ನಾನ ಮಾಡಿ, ಬೇರೆ ಬಟ್ಟೆ ಹಾಕಿಕೊಂಡೇ ಮೇಲೆ ಹತ್ತುವುದು. ನೆಂಟರು ಬಂದರೆ ಮೊದಲು ನೆಗಡಿ ಇದೆಯಾ ಎಂದು ಕೇಳಿ, ಆಮೇಲೆ ಬನ್ನಿ ಎನ್ನುವುದು. ಇದರಿಂದ ಎಷ್ಟೋ ನೆಂಟರು ಮುಖ ಊದಿಸಿಕೊಂಡು ಬರುವುದನ್ನೇ ಬಿಟ್ಟರು.

ಮಾತ್ರೆಯ ವಿಷಯದಲ್ಲೂ ಅಷ್ಟೇ. ಬೆಳಿಗ್ಗೆ ಎಂಟಕ್ಕೆ ಅವರ ಬಸ್ಸು ಎಲ್ಲಿರುತ್ತದೋ ಅಲ್ಲಿಯ ಸ್ಟಾಪಿನಲ್ಲಿ ನಿಲ್ಲಿಸಿ ಫೋನ್ ಮಾಡುತ್ತಿದ್ದರು. "ಆಯ್ತಾ ಪುಟ್ಟಿ?" "ಆಯ್ತು." ಅಷ್ಟೇ ಮಾತು. ರಾತ್ರಿ ಮನೆಯಲ್ಲೇ ಇದ್ದರೂ ಎಂಟಕ್ಕೆ ಲೋಟದಲ್ಲಿ ನೀರು ಹಿಡಿದು ಎದುರಿಗೆ ನಿಲ್ಲುತ್ತಿದ್ದರು. ಹೀಗೆ ಒಂಬತ್ತು ವರ್ಷ ನಡೆಯಿತು. ಮೂರು ತಿಂಗಳಿಗೊಮ್ಮೆ ಬರುವ ರಿಪೋರ್ಟಿನಲ್ಲಿ ಕಿಡ್ನಿಯ ಅಂಕಿ ಅಲ್ಲಾಡಲಿಲ್ಲ. ಅಷ್ಟು ವರ್ಷ ಅಲ್ಲಾಡದ ಅಂಕಿಯನ್ನು ನಾನು ನನ್ನ ಗಿರಾಕಿಗಳಲ್ಲಿ ಬೇರೆ ಯಾರಲ್ಲೂ ಕಂಡಿಲ್ಲ.

ಒಂಬತ್ತನೇ ವರ್ಷ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಡ್ರೈವರಣ್ಣ ಒಂದು ಸೂಟ್‌ಕೇಸು, ಸುತ್ತಿದ ಹಾಸಿಗೆ ಹಿಡಿದು ಮೆಟ್ಟಿಲು ಇಳಿದರು. ಊರಿನ ಆ ತುದಿಯ ಡಿಪೋಗೆ ವರ್ಗವಾಗಿದೆ, ನಾಲ್ಕು ಗಂಟೆಗೇ ಗಾಡಿ ತೆಗೆಯಬೇಕು, ಇಲ್ಲಿಂದ ಓಡಾಡಲು ಆಗುವುದಿಲ್ಲ, ಅಲ್ಲೇ ಒಂದು ರೂಮು ಹಿಡಿದಿದ್ದೇನೆ ಎಂದು ನನಗೂ ಹೇಳಿದರು. ಮಾತಾಡುವಾಗ ಅಂಗಡಿಯ ಮೆಟ್ಟಿಲ ಕೆಳಗೇ ನಿಂತಿದ್ದರು. ಬಡವಾಗಿದ್ದರು. ವಯಸ್ಸು ಐವತ್ತೆರಡಾಯಿತಲ್ಲ ಅಂದುಕೊಂಡೆ.

ಮೊದಲ ವಾರ ಮಿಸ್ ನಂಬಿದ್ದರು. ಫೋನು ಎಂದಿನಂತೆ ಎಂಟಕ್ಕೆ ಬರುತ್ತಿತ್ತು. ಆದರೆ ಭಾನುವಾರ ಬಾ ಎಂದರೆ ಬರಲಿಲ್ಲ. ನಾನೇ ಬರುತ್ತೇನೆ ಎಂದರೆ ಬೇಡ ಎಂದು ಗದರಿದರಂತೆ. ಅಣ್ಣ ಹಾಗೆ ಗದರಿದ್ದು ಅದೇ ಮೊದಲು. ಒಂದು ದಿನ ಬಸ್ಸಿನಲ್ಲಿ ಹಳೆಯ ಪರಿಚಯದ ಕಂಡಕ್ಟರ್ ಸಿಕ್ಕಿ, ಅಣ್ಣ ಹೇಗಿದ್ದಾರೆ, ತಿಂಗಳಾಯ್ತಲ್ಲ ರಜೆ ಹಾಕಿ ಎಂದು ಕೇಳಿದರು. ವರ್ಗವೂ ಇಲ್ಲ, ನಾಲ್ಕು ಗಂಟೆಯ ಗಾಡಿಯೂ ಇಲ್ಲ ಎಂದು ಆಗ ತಿಳಿಯಿತು.

ಮಿಸ್ ನೇರವಾಗಿ ನನ್ನ ಅಂಗಡಿಗೆ ಬಂದರು. ಅಳಲಿಲ್ಲ. "ಅವನಿಗೆ ಸಾಕಾಗಿದೆ," ಎಂದರು. "ತಪ್ಪೇನಿಲ್ಲ ಬಿಡಿ. ನಾನಾಗಿದ್ರೂ ಸಾಕಾಗ್ತಿತ್ತು. ದಿನಾ ಕೈ ತೊಳ್ಕೋ, ಕಾಲು ತೊಳ್ಕೋ ಅಂತಿದ್ದ ಮನೆಯಲ್ಲಿ, ಕೊನೆಗೆ ನನ್ನಿಂದಾನೇ ಕೈ ತೊಳ್ಕೊಂಡ."

ಹಾಗೆಲ್ಲ ಇರಲಾರದು ಎಂದು ನಾನು ಸಮಾಧಾನ ಮಾಡಿದೆ. ಏನಿರಬಹುದು ಎಂದು ನನಗೂ ಹೊಳೆಯಲಿಲ್ಲ.

ಅದಾಗಿ ಮೂರನೇ ದಿನ, ಮಿಸ್ ಶಾಲೆಯಲ್ಲಿರುವ ಹೊತ್ತು ನೋಡಿಕೊಂಡು ಡ್ರೈವರಣ್ಣ ಬಂದರು. ಪುಟ್ಟಿ ಈ ತಿಂಗಳ ಮಾತ್ರೆ ತಗೊಂಡು ಹೋದಳಾ ಎಂದು ವಿಚಾರಿಸಲು. ಒಳಗೆ ಬನ್ನಿ ಎಂದರೆ ಬರಲಿಲ್ಲ, ಬೀದಿಯಲ್ಲೇ ನಿಂತರು. ಬಿಸಿಲಿಗೆ ಬೆವರುತ್ತಿತ್ತು. ಮಾಸ್ಕ್ ಸರಿಸದೆ ಬಿಳಿ ಕರ್ಚೀಫಿನಿಂದ ಹಣೆ, ಕಣ್ಣು ಒರೆಸಿಕೊಂಡರು. ಕರ್ಚೀಫಿನಲ್ಲಿ ಕಿತ್ತಳೆ ಬಣ್ಣದ ಕಲೆಗಳಿದ್ದವು. ಬೆವರನ್ನೂ ಕಣ್ಣೀರನ್ನೂ ಹಾಗೆ ಬಣ್ಣಗೆಡಿಸುವ ಮಾತ್ರೆ ನಾನು ಬಲ್ಲಂತೆ ಒಂದೇ.

"ಟೀಬಿನಾ?" ಎಂದೆ.

ಅವರು ಕರ್ಚೀಫನ್ನು ಜೇಬಿಗೆ ತುರುಕಿದರು. "ನಿಮಗೆ ಗೊತ್ತಾಗುತ್ತೆ ಅಂತ ಭಯ ಇತ್ತು ಮೇಡಂ. ಅದಕ್ಕೇ ಔಷಧಿ ಸರ್ಕಾರಿ ಆಸ್ಪತ್ರೆಯಿಂದ ತಗೋತಿದ್ದೀನಿ."

ಎರಡು ತಿಂಗಳು ಕೆಮ್ಮು ಇತ್ತಂತೆ. ಹೊಗೆ, ಧೂಳು ಎಂದು ನಿರ್ಲಕ್ಷ್ಯ ಮಾಡಿದ್ದರು. ಕಫದಲ್ಲಿ ರೋಗಾಣು ಇದೆ ಎಂದು ತಿಳಿದ ದಿನವೇ ರೂಮು ಹುಡುಕಿ, ಮರುದಿನ ಮನೆ ಬಿಟ್ಟಿದ್ದರು. ಮನೆಯಲ್ಲಿ ಬೇರೆ ಯಾರಿದ್ದಾರೆ ಎಂದು ಆಸ್ಪತ್ರೆಯಲ್ಲಿ ಕೇಳಿದಾಗ ಒಬ್ಬನೇ ಎಂದಿದ್ದರು. ಅಲ್ಲಿಯೇ ಅವರು ತಪ್ಪಿದ್ದು. ಎರಡು ತಿಂಗಳು ಒಂದೇ ಸೂರಿನಡಿ ಕೆಮ್ಮಿದ ಮೇಲೆ ಮಿಸ್‌ಗೆ ಪರೀಕ್ಷೆ ಮಾಡಿಸಲೇಬೇಕು, ಇವತ್ತೇ ಹೇಳಬೇಕು ಎಂದೆ. ಹೇಳಿದರೆ ಅವಳು ನಿಲ್ಲುವವಳಲ್ಲ ಮೇಡಂ, ಓಡಿ ಬಂದು ನನ್ನ ತಲೆ ತೊಡೆ ಮೇಲಿಟ್ಟುಕೊಂಡು ಕೂರುತ್ತಾಳೆ, ಒಂದು ವಾರ ಕೊಡಿ, ನಾನೇ ಹೇಗಾದರೂ ಹೇಳುತ್ತೇನೆ ಎಂದು ಕೈ ಮುಗಿದರು.

ನಾನು ಒಂದು ವಾರ ಕೊಟ್ಟೆ. ಕೊಡಬಾರದಿತ್ತು. ವಾರ ಹೋಗಿ ಮೂರು ವಾರವಾಯಿತು. ದಿನವೂ ಮಿಸ್ ಅಂಗಡಿಯ ಮುಂದೆ ಹಾದುಹೋಗುವುದನ್ನು ನೋಡುತ್ತಿದ್ದೆ, ದಿನವೂ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದೆ. ಈಗ ನೆನೆದರೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಬೇರೆಯವರಿಗೆಲ್ಲ ಡೋಸು ತಪ್ಪಿಸಬೇಡಿ ಎಂದು ಬುದ್ಧಿ ಹೇಳುವವಳು ನಾನು.

ಅಷ್ಟರಲ್ಲಿ ಐದನೇ ತಾರೀಕು ಬಂತು, ಮಾತ್ರೆಗೆ ಬರಬೇಕಾದ ಮಿಸ್ ಬರಲಿಲ್ಲ. ಒಂಬತ್ತು ವರ್ಷದಲ್ಲಿ ಒಂದು ತಿಂಗಳೂ ತಪ್ಪಿಸಿದವರಲ್ಲ. ಏಳನೇ ತಾರೀಕು ನಾನೇ ಮೇಲೆ ಹತ್ತಿ ಬಾಗಿಲು ತಟ್ಟಿದೆ. ಮನೆ ಎಂದಿನಂತೆ ಚೊಕ್ಕಟವಾಗಿತ್ತು. ಮೇಜಿನ ಮೇಲಿನ ಮಾತ್ರೆಯ ಡಬ್ಬಿಯಲ್ಲಿ ಎರಡು ದಿನದ ಖಾನೆಗಳು ತುಂಬಿದಂತೇ ಇದ್ದವು. ಬೆಳಿಗ್ಗೆ ಫೋನಿಗೆ ಆಯ್ತು ಎಂದು ಸುಳ್ಳು ಹೇಳುತ್ತಿದ್ದರಂತೆ.

"ಯಾರಿಗೋಸ್ಕರ ಇಷ್ಟೆಲ್ಲ ಅನ್ನಿಸ್ತು," ಎಂದರು.

ಅಲ್ಲೇ ನಿಂತು ಎಲ್ಲ ಹೇಳಿಬಿಟ್ಟೆ. ಕಫ, ರೂಮು, ಕಿತ್ತಳೆ ಕಲೆ, ನಾನು ಮೂರು ವಾರ ಸುಮ್ಮನಿದ್ದದ್ದು, ಯಾವುದನ್ನೂ ಬಿಡಲಿಲ್ಲ. ಅವರು ಕುರ್ಚಿಯ ಬೆನ್ನು ಹಿಡಿದುಕೊಂಡು ಕೇಳಿದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಡಬ್ಬಿ ತೆರೆದು ಆ ಹೊತ್ತಿನ ಮಾತ್ರೆ ನುಂಗಿ, ಚಪ್ಪಲಿ ಹುಡುಕತೊಡಗಿದರು. ಮೊದಲು ಡಾಕ್ಟರ ಹತ್ತಿರ, ಆಮೇಲೆ ಅಣ್ಣ ಎಂದು ನಾನು ಬಾಗಿಲಿಗೆ ಅಡ್ಡ ನಿಂತೆ.

ಡಾಕ್ಟರು ಸಿಟ್ಟಾದರು, ಆಗಬೇಕಾದದ್ದೇ. ಎದೆಯ ಎಕ್ಸ್‌ರೇ ಚೆನ್ನಾಗಿತ್ತು. ರಕ್ತ ಪರೀಕ್ಷೆಯಲ್ಲಿ ಮಾತ್ರ ರೋಗಾಣು ಒಳಗೆ ಹೊಕ್ಕು ಮಲಗಿದೆ ಎಂದು ಬಂತು. ಅದು ಏಳದಂತೆ ಇನ್ನೊಂದು ಮಾತ್ರೆ ಸೇರಿಸಿದರು. ಅಣ್ಣನ ಕಫ ಶುದ್ಧವಾಗಿದೆ ಎಂದು ಕಾಗದದಲ್ಲಿ ಬರುವವರೆಗೆ ಒಂದೇ ಕೋಣೆಯಲ್ಲಿ ಐದು ನಿಮಿಷವೂ ಕೂಡದು ಎಂದು ಬರೆದೇ ಕೊಟ್ಟರು.

ಆ ಮಧ್ಯಾಹ್ನ ನಾನೂ ಜೊತೆಗೆ ಹೋದೆ. ಅವರ ರೂಮು ಒಂದು ಟೈಲರ್ ಅಂಗಡಿಯ ಎದುರಿನ ಕಟ್ಟಡದಲ್ಲಿ, ಮೊದಲ ಮಹಡಿ, ಬೀದಿಗೆ ಒಂದು ಕಿಟಕಿ. ಮಿಸ್ ಎದುರಿನ ಫುಟ್‌ಪಾತಿನ ಮೇಲೆ ನಿಂತು ಫೋನ್ ಮಾಡದೆ "ಅಣ್ಣಾ" ಎಂದು ಕೂಗಿದರು. ಕಿಟಕಿಯಲ್ಲಿ ಅವರು ಕಾಣಿಸಿಕೊಂಡರು. ಕೆನ್ನೆಯ ಮೂಳೆ ಎದ್ದಿತ್ತು. ನನ್ನನ್ನು ನೋಡಿ ಎಲ್ಲ ಅರ್ಥವಾಯಿತು.

"ಮೇಲೆ ಬರ್ಬೇಡ," ಎಂದರು.

"ಬರಲ್ಲ. ಇಲ್ಲೇ ನಿಂತಿರ್ತೀನಿ."

"ಮಾಸ್ಕ್ ಮೂಗಿನ ಮೇಲೆ ಎಳ್ಕೋ."

ಮಿಸ್ ಎಳೆದುಕೊಂಡರು. "ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಬರ್ತಿದ್ದೆ."

"ಬರ್ತಿದ್ದೆ."

"ಅದಕ್ಕೇ."

ನಡುವೆ ಒಂದು ಲಾರಿ ಹಾದುಹೋಯಿತು. ಅದು ಹೋಗುವವರೆಗೆ ಇಬ್ಬರೂ ಕಾದರು.

"ಕೊಟ್ಟಿದ್ದಕ್ಕೆ ನಿಂಗೆ ಬೇಜಾರಾಗಿದೆ ಅಂದ್ಕೊಂಡಿದ್ದೆ," ಎಂದರು ಮಿಸ್.

ಅವರು ನಗಲು ಹೋಗಿ ಕೆಮ್ಮಿದರು. ಮುಖ ಒಳಗೆ ತಿರುಗಿಸಿ, ಬಹಳ ಹೊತ್ತು ಕೆಮ್ಮಿ, ಮತ್ತೆ ಕಿಟಕಿಗೆ ಬಂದರು. "ವಾಪಸ್ ಕೇಳೋಕೆ ಅದೇನು ಕೊಡೆನಾ, ಪೆದ್ದಿ?"

ಟೈಲರ್ ಅಂಗಡಿಯ ಹೆಂಗಸು ಹೊಲಿಗೆ ನಿಲ್ಲಿಸಿ ನೋಡುತ್ತಿದ್ದಳು. ಒಳಗಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಮಿಸ್ ಪಕ್ಕ ಇಟ್ಟು ಹೋದಳು.

ಅಲ್ಲಿಂದ ಪ್ರತಿ ಭಾನುವಾರ ಮಧ್ಯಾಹ್ನ ಅದೇ ಕುರ್ಚಿ. ಬೀದಿಯ ಆ ಕಡೆ ಈ ಕಡೆ ಇಬ್ಬರೂ ಕೂತು ಜೋರಾಗಿ ಮಾತಾಡಿಕೊಳ್ಳುತ್ತಿದ್ದರು. ಗುಟ್ಟು ಎನ್ನುವುದು ಏನೂ ಉಳಿಯಲಿಲ್ಲ. ಮಿಸ್‌ನ ಹೊಸ ರಿಪೋರ್ಟು, ನಲ್ಲಿ ಸೋರುವುದು, ಅಪ್ಪನ ಹಳೆಯ ಕೋಟನ್ನು ಯಾರಿಗೆ ಕೊಡುವುದು, ಎಲ್ಲವೂ ಆ ಬೀದಿಗೆ ತಿಳಿಯಿತು. ಟೈಲರಮ್ಮ ಕೋಟಿನ ವಿಷಯದಲ್ಲಿ ತನ್ನ ಅಭಿಪ್ರಾಯವನ್ನೂ ಹೇಳಿದಳಂತೆ. ಮಿಸ್ ಊಟದ ಡಬ್ಬಿ ತಂದು ಕೆಳಗಿನ ಮೆಟ್ಟಿಲ ಮೇಲಿಟ್ಟು ಬರುವುದು, ಅವರು ಆಮೇಲೆ ಇಳಿದು ತೆಗೆದುಕೊಳ್ಳುವುದು. ಇನ್ನೆರಡು ತಿಂಗಳಲ್ಲಿ ಕಫ ಶುದ್ಧವಾಗುತ್ತದೆ, ಆಮೇಲೆ ಮನೆಗೇ ಬರುತ್ತಾನೆ ಎಂದು ಮಿಸ್ ಅಣ್ಣನ ಮಂಚಕ್ಕೆ ಹೊಸ ಹೊದಿಕೆ ತಂದಿಟ್ಟಿದ್ದರು.

ಎರಡು ತಿಂಗಳಾಯಿತು. ಕಫ ಶುದ್ಧವಾಗಲಿಲ್ಲ. ಮೊದಲ ಪರೀಕ್ಷೆಯಲ್ಲಿ ಸಿಗದಿದ್ದ ಸಂಗತಿ ಈಗ ಸಿಕ್ಕಿತು, ಆ ರೋಗಾಣು ಮಾಮೂಲು ಮಾತ್ರೆಗಳಿಗೆ ಬಗ್ಗುವ ಜಾತಿಯದಲ್ಲ. ಹಾಗಾದ ಮೇಲೆ ತಂಗಿಗೆ ಕೊಡುತ್ತಿದ್ದ ಮಾತ್ರೆಯಿಂದಲೂ ಪ್ರಯೋಜನವಿಲ್ಲವೆಂದು ಅದನ್ನು ಬದಲಿಸಿದರು. ಹೊಸ ಮಾತ್ರೆಗೆ ಮಿಸ್‌ನ ಹಿಮ್ಮಡಿ ನೋಯತೊಡಗಿತು, ಕುಂಟುತ್ತ ನಡೆಯುತ್ತಿದ್ದರು. ಡ್ರೈವರಣ್ಣನನ್ನು ಊರ ಹೊರಗಿನ ಟೀಬಿ ವಾರ್ಡಿಗೆ ಸೇರಿಸಿದರು. ಅಲ್ಲಿ ಬೀದಿಗೆ ಕಿಟಕಿ ಇರಲಿಲ್ಲ.

ಅಲ್ಲಿಯ ಡಾಕ್ಟರು ಒಂದು ಇಂಜೆಕ್ಷನ್ ಬಗ್ಗೆ ಯೋಚಿಸಿದ್ದರು. ಅದು ಕಿಡ್ನಿಗೆ ಪೆಟ್ಟು ಕೊಡುವಂಥದು. ಇವರಿಗಿರುವುದು ಒಂದೇ ಎಂದು ಗೊತ್ತಾಗಿ ಕೈಬಿಟ್ಟರು, ಬೇರೆ ಮಾತ್ರೆಗಳನ್ನು ಕೊಟ್ಟರು. ಈ ಮಾತನ್ನು ನರ್ಸೊಬ್ಬರು ಫೋನಿನಲ್ಲಿ ಮಿಸ್‌ಗೆ ಹೇಳಿಬಿಟ್ಟರು. ಕೆಟ್ಟ ಮನಸ್ಸಿನಿಂದಲ್ಲ, ಕೇಳಿದ್ದಕ್ಕೆ ಹೇಳಿದ್ದು. ಮಿಸ್ ಅಂಗಡಿಗೆ ಬಂದು, ಆ ಇಂಜೆಕ್ಷನ್ ಕೊಟ್ಟಿದ್ದರೆ ವಾಸಿಯಾಗುತ್ತಿತ್ತಾ ಎಂದು ಕೇಳಿದರು. ಇಂಜೆಕ್ಷನ್ ಕೊಟ್ಟ ಎಷ್ಟೋ ಜನರಿಗೂ ವಾಸಿಯಾಗುವುದಿಲ್ಲ, ಕೊಡದ ಎಷ್ಟೋ ಜನ ಎದ್ದು ಮನೆಗೆ ಹೋಗಿದ್ದಾರೆ ಎಂದೆ. ಅದು ನಿಜವೇ. ಆದರೆ ಅವರು ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ. ಉತ್ತರ ನನಗೂ ಗೊತ್ತಿಲ್ಲ.

ವಾರ್ಡಿನಿಂದ ಎಂಟು ಗಂಟೆಯ ಫೋನು ಬರುತ್ತಲೇ ಇತ್ತು. ದನಿ ಸಣ್ಣಗಾಗುತ್ತ ಹೋಯಿತು. ಕೊನೆಯ ವಾರ "ಆಯ್ತಾ" ಮಾತ್ರ ಉಳಿದಿತ್ತು, "ಪುಟ್ಟಿ" ಎನ್ನುವಷ್ಟು ಉಸಿರಿರಲಿಲ್ಲ. ಒಂದು ಬುಧವಾರ ಮಧ್ಯಾಹ್ನ ಮೂರರ ಸುಮಾರಿಗೆ ಶ್ವಾಸಕೋಶದಲ್ಲಿ ರಕ್ತನಾಳ ಒಡೆದು ಹೋಗಿಬಿಟ್ಟರು. ಹತ್ತಿರ ಇದ್ದದ್ದು ವಾರ್ಡಿನ ಆಯಾ ಒಬ್ಬಳೇ. ಶಾಲೆಯ ಆಫೀಸಿಗೆ ಫೋನು ಬಂದಾಗ ಮಿಸ್ ಹಾಜರಿ ಬರೆಯುತ್ತಿದ್ದರು.

ಮರುದಿನ ಡಿಪೋದ ಗೆಳೆಯರೇ ಹೊತ್ತರು. ದೇಹವನ್ನು ಪೂರ್ತಿ ಮುಚ್ಚಿ ಕಟ್ಟಿದ್ದರು. ಮುಖ ನೋಡಲು ಬಿಡಲಿಲ್ಲ. ಮಿಸ್ ಗಾಳಿ ಬರುವ ಕಡೆ, ಹತ್ತು ಹೆಜ್ಜೆ ದೂರದಲ್ಲಿ, ಎರಡು ಮಾಸ್ಕ್ ಹಾಕಿಕೊಂಡು ನಿಂತಿದ್ದರು. ಕೊನೆಗೊಮ್ಮೆ ಕೈಯಿಂದ ಮುಟ್ಟಲು ಮುಂದೆ ಹೆಜ್ಜೆ ಇಟ್ಟವರನ್ನು ನಾನೇ ಹಿಡಿದು ನಿಲ್ಲಿಸಿದೆ. ನಿಲ್ಲಿಸಬೇಕಿತ್ತೋ ಬೇಡವಿತ್ತೋ, ಈಗಲೂ ನನಗೆ ಅನುಮಾನವಿದೆ. ವರ್ಷಗಟ್ಟಲೆ ಮನೆ ಕಡೆ ತಲೆ ಹಾಕದ ಅವರ ದೊಡ್ಡಮ್ಮ ಬಂದಿದ್ದರು. ಅವನ ಮೈಯೊಳಗಿನದನ್ನು ಇಟ್ಟುಕೊಂಡು ಬದುಕಿದವಳಿಗೆ ಅವನ ಹತ್ತಿರ ಹೋಗಲು ಭಯವಂತೆ ಎಂದು ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳಿದರು. ಮಿಸ್ ತಿರುಗಿ ನೋಡಲಿಲ್ಲ. ಒಬ್ಬ ಹಳೆಯ ಕಂಡಕ್ಟರ್ ಮಾತ್ರ, ನೀವು ಸುಮ್ಮನಿರಿ ಅಮ್ಮ, ನಿಮಗೇನೂ ಗೊತ್ತಿಲ್ಲ ಎಂದರು.

ಎಲ್ಲ ಮುಗಿಸಿ ನಾವು ಆಟೋದಲ್ಲಿ ಹಿಂದಿರುಗಿದಾಗ ರಾತ್ರಿ ಎಂಟಕ್ಕೆ ಹತ್ತು ನಿಮಿಷವಿತ್ತು. ಮೇಲೆ ಹತ್ತಲು ಮಿಸ್‌ಗೆ ಶಕ್ತಿಯಿರಲಿಲ್ಲ. ಅಂಗಡಿಯ ಸ್ಟೂಲಿನ ಮೇಲೆ ಕೂತರು. ಬ್ಯಾಗಿನಿಂದ ಮಾತ್ರೆಯ ಡಬ್ಬಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಇವತ್ತೂ ತಗೋಬೇಕಾ?" ಎಂದು ಕೇಳಿದರು.

"ತಗೋಬೇಕು ಮಿಸ್."

ನಾನು ನೀರು ಕೊಟ್ಟೆ. ಒಂದೊಂದೇ ಮಾತ್ರೆ ನುಂಗಿದರು. ಕೊನೆಯದು ಗಂಟಲಲ್ಲಿ ನಿಂತಿತು, ಕೆಮ್ಮಿದರು, ಇನ್ನೊಂದು ಗುಟುಕು ಕುಡಿದರು. ಆಮೇಲೆ ಅತ್ತರು. ಆಪರೇಷನ್ ಆದಂದಿನಿಂದ ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಇದಾಗಿ ಎರಡು ವರ್ಷ ಕಳೆದಿವೆ. ಒಳಗೆ ಮಲಗಿದ್ದ ರೋಗಾಣು ಏಳಲಿಲ್ಲ. ಅದಕ್ಕೆಂದು ಕೊಟ್ಟ ಮಾತ್ರೆ ಆರು ತಿಂಗಳಿಗೆ ನಿಂತಿತು, ಹಿಮ್ಮಡಿ ನೋವು ಮಾತ್ರ ಸ್ವಲ್ಪ ಉಳಿದುಕೊಂಡಿದೆ. ಮಿಸ್ ಈಗಲೂ ಆಫೀಸಿನಲ್ಲೇ ಕೆಲಸ ಮಾಡುತ್ತಾರೆ. ಡ್ರೈವರಣ್ಣನ ಬಟ್ಟೆಗಳನ್ನು ಡಿಪೋದವರಿಗೆ ಕೊಟ್ಟುಬಿಟ್ಟರು, ರೇಡಿಯೋ ನನಗೆ ಕೊಟ್ಟರು. ಅಂಗಡಿಯಲ್ಲಿ ಹಾಕಿದರೆ ಅವರಿಗೆ ಮೇಲೆ ಕೇಳುತ್ತದೇನೋ ಎಂದು ನಾನು ಅದನ್ನು ಸಣ್ಣಗೆ ಹಾಕುತ್ತೇನೆ. ಜೋರಾಗಿ ಹಾಕಿ ಪರವಾಗಿಲ್ಲ ಎಂದು ಒಮ್ಮೆ ಹೇಳಿದರು.

ಕಳೆದ ವಾರ ಬಂದಾಗ ಕೈಯಲ್ಲಿ ರಿಪೋರ್ಟ್ ಇತ್ತು. ಅಷ್ಟು ವರ್ಷ ಅಲ್ಲಾಡದ ಅಂಕಿ ಎರಡು ಸಲದಿಂದ ಸ್ವಲ್ಪ ಸ್ವಲ್ಪ ಏರುತ್ತಿದೆ. ಕಿಡ್ನಿ ದಣಿಯುತ್ತಿದೆ, ಹನ್ನೊಂದು ವರ್ಷವಾಯಿತಲ್ಲ ಎಂದರಂತೆ ಡಾಕ್ಟರು. ಮಾತ್ರೆ ಸ್ವಲ್ಪ ಬದಲಿಸಿ ನೋಡೋಣ ಎಂದಿದ್ದಾರೆ. ಹದಿನೈದು, ಇಪ್ಪತ್ತು ವರ್ಷ ಕಿಡ್ನಿ ಬಾಳಿಕೆ ಬಂದವರೂ ಇದ್ದಾರೆ ಮಿಸ್ ಎಂದೆ.

"ಡಯಾಲಿಸಿಸ್‌ಗೆ ನಾನೇನೂ ಹೆದರಲ್ಲ," ಎಂದರು ಅವರು. "ಇದೂ ನಿಂತ್ರೆ, ಅವನು ಪೂರ್ತಿ ಹೋದ ಹಾಗೆ. ಅಷ್ಟೇ ಭಯ."

ಹೊಸ ಚೀಟಿ ನೋಡಿ ಮಾತ್ರೆ ತೆಗೆದುಕೊಟ್ಟೆ. ಅವರು ಎಂದಿನಂತೆ ಹೆಸರು, ಕಂಪನಿ, ತಾರೀಕು ಓದಿ ನೋಡಿ ಬ್ಯಾಗಿಗೆ ಹಾಕಿಕೊಂಡರು. ಬೆಳಿಗ್ಗೆ ಪರೀಕ್ಷೆಗೆ ರಕ್ತ ಕೊಡುವವರೆಗೆ ಮಾತ್ರೆ ತೆಗೆದುಕೊಳ್ಳಬೇಡಿ, ಕೊಟ್ಟ ಮೇಲೆ ತೆಗೆದುಕೊಳ್ಳಿ, ಇಲ್ಲದಿದ್ದರೆ ಮಟ್ಟ ತಪ್ಪು ತೋರಿಸುತ್ತದೆ ಎಂದು ನೆನಪಿಸಿದೆ. ಗೊತ್ತು ಎಂದು ತಲೆ ಆಡಿಸಿ, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಹೋದರು.